ಪದವಿನ ಗಡಿಗೆ ಕಟ್ಟಿದ ಸೊಪ್ಪು

ಬೇಸಗೆಯಲ್ಲಿ ಬಂದ ನೆಂಟರಿಗೆ ನಮ್ಮ ಪದವನ್ನು ತೋರಿಸಿ ಪ್ರಯೋಜನವಿಲ್ಲ. ಆಲಂಕಾರಿನಿಂದ ಒಳಗೆ ತಿರುಗುವ ರಸ್ತೆ ಏರು ಮುಗಿಸಿದ ಕೂಡಲೇ ಎಡಕ್ಕೆ ಸಿಗುವ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಬಯಲು ಅದು; ಇಂಥದ್ದಕ್ಕೆ ನಮ್ಮ ಕಡೆ ಪದವು ಎನ್ನುತ್ತಾರೆ. ಮರ ಇಲ್ಲ, ಮಣ್ಣು ಇದೆ ಎನ್ನುವಷ್ಟೂ ಇಲ್ಲ. ಫೆಬ್ರವರಿ ಕಳೆಯುವುದರೊಳಗೆ ಕಲ್ಲು ಕಪ್ಪಾಗಿ ಕಾಯುತ್ತದೆ, ಮುಳಿಹುಲ್ಲಿನ ಬುಡಗಳು ಬೆಂಕಿ ಬಿದ್ದು ಆರಿದ ಹಾಗೆ ಕಾಣುತ್ತವೆ. ಕಂದಾಯದ ಭಾಷೆಯಲ್ಲಿ ಇಂಥ ಸರಕಾರಿ ಜಾಗಕ್ಕೆ ಪಾಳು ಎಂದು ಹೆಸರು. ಬೇಸಗೆಯಲ್ಲಿ ನೋಡಿ ಹೋದವರು ಯಾರೋ ಇಟ್ಟ ಹೆಸರಿರಬೇಕು.

ಮಳೆ ಹಿಡಿದು ಒಂದೆರಡು ವಾರವಾದರೆ ಅದೇ ಕಲ್ಲು ಬೇರೆ. ಮೊದಲು ಬಿರುಕುಗಳಿಂದ ನೆಲದ ಸೀತಾಳೆಗಳು ಏಳುತ್ತವೆ. ಕಲ್ಲಿಗೆ ಅಂಟಿದ ಎರಡು ಎಲೆ, ನಡುವೆ ಒಂದು ಕಡ್ಡಿ, ಅದರ ತುದಿಯಲ್ಲಿ ಬಿಳಿ ಹೂ. ಅಂಚಿನಲ್ಲಿ ಮಣ್ಣು ನಿಂತಲ್ಲಿ ಕಾಡರಶಿನ. ಆಮೇಲೆ ಕಲ್ಲಿನ ಮೇಲೆ ನೀರು ಒಂದು ಬೆರಳಿನಷ್ಟೂ ಆಳವಿಲ್ಲದೆ ಹರಡಿಕೊಂಡು ನಿಂತಾಗ ಬಿಳಿ ಗುಂಡಿಯಂಥ ಹೂಗಳು ಬರುತ್ತವೆ, ಅಂಗಿಗೆ ಹೊಲಿಯಬಹುದು ಅನ್ನಿಸುವಷ್ಟು ಅಚ್ಚುಕಟ್ಟು. ಅವುಗಳ ಮಧ್ಯೆ ನೀಲಿ. ಆ ನೀಲಿ ಹೂವಿನ ಗಿಡಕ್ಕೆ ಎಲೆ ಎನ್ನುವಂಥದ್ದು ಹೆಚ್ಚೇನಿಲ್ಲ. ನೀರಿನಡಿಯಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿವೆ, ಹುಳ ಹಿಡಿಯುವುದಕ್ಕೆ. ಚೌತಿಯ ಹೊತ್ತಿಗೆ ಅಂಚಿನ ಪೊದೆಗಳ ಮೇಲೆ ಗೌರಿ ಹೂ ಹತ್ತುತ್ತದೆ. ಪೊದೆ ಎಂದರೆ ಕೇಪುಳ, ಕುಂಟಾಲ, ನೆಕ್ಕರಿಕ, ಕೊಟ್ಟೆಮುಳ್ಳು. ಇಳಿಜಾರಿನಲ್ಲಿ ಕೆಲವು ಪುನರ್ಪುಳಿ ಮರಗಳು. ಪದವಿನ ನಡುವೆ ಒಂದು ಮದಕ, ಅಂದರೆ ಮಳೆನೀರು ತಂಗುವ ತಗ್ಗು. ದೀಪಾವಳಿ ಕಳೆದು ಬಹಳ ದಿನದವರೆಗೆ ಅದರಲ್ಲಿ ನೀರಿರುತ್ತದೆ.

ಇದನ್ನೆಲ್ಲ ನಾನು ತಿಳಿದದ್ದು ತಡವಾಗಿ. ಮಂಗಳೂರಿನ ಪತ್ರಿಕೆಯೊಂದರಲ್ಲಿ ಬಹಳ ಕಾಲ ಕೆಲಸ ಮಾಡಿದೆ. ಮೊದಲು ವರದಿ, ಆಮೇಲೆ ಡೆಸ್ಕು. ಡೆಸ್ಕಿನ ಕೆಲಸವೆಂದರೆ ಬೇರೆಯವರ ವಾಕ್ಯಗಳಿಂದ ಬೇಡದ ಶಬ್ದ ತೆಗೆಯುವುದು. ಅದು ಮುಗಿದ ಮೇಲೆ ಈ ಕಡೆ ಸ್ವಲ್ಪ ಜಾಗ ತೆಗೆದುಕೊಂಡು ಮನೆ ಕಟ್ಟಿದೆ. ಈ ಊರನ್ನು ಆರಿಸಿಕೊಂಡದ್ದಕ್ಕೆ ಕಾರಣ ನನ್ನ ಗೆಳೆಯ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಅವನ ಮನೆಯಲ್ಲಿ ಅರೆಭಾಷೆ. ಮೂಲ ಪಂಜದ ಕಡೆಯವರು. ಪದವಿಗೆ ತಾಗಿದ ಹಾಗೆ ಅವನ ರಬ್ಬರ್ ತೋಟವಿದೆ.

ಮಳೆಗಾಲದಲ್ಲಿ ಮಳೆ ಬಿಟ್ಟು ಹೊಳವಾದ ದಿನ ಅವನೇ ಫೋನ್ ಮಾಡುತ್ತಿದ್ದ. "ಎಂತ ಮಾಡ್ತಿದ್ದಿ? ಬಾ, ಪದವಿನಲ್ಲಿ ಒಂದು ಸುತ್ತು ಹೋಗುವ." ಇಬ್ಬರೂ ಪ್ಯಾಂಟ್ ಮಡಚಿಕೊಂಡು ತಿರುಗುತ್ತಿದ್ದೆವು. ಹೆಸರು ಗೊತ್ತಿಲ್ಲದ ಗಿಡಗಳಿಗೆ ಅವನು ಹೆಸರಿಡುತ್ತಿದ್ದ. ಕಲ್ಲಿಗಂಟಿಕೊಂಡು ಒಂದು ಕೆಂಪು ಗಿಡ ಬೆಳೆಯುತ್ತದೆ. ಎಲೆಯ ತುಂಬ ಕೂದಲು, ಪ್ರತಿ ಕೂದಲ ತುದಿಗೂ ಅಂಟಿನ ಹನಿ. ಇಬ್ಬನಿ ಎಂದು ನಂಬಿ ಬಂದು ಕುಳಿತ ನೊಣ ಮತ್ತೆ ಏಳುವುದಿಲ್ಲ.

"ಇದು ನಿಮ್ಮ ಪೇಪರಿನವರ ಸಂಬಂಧಿಕ ಮಾರಾಯ," ಎಂದ ಒಮ್ಮೆ. "ಚಂದ ಮಾತಾಡಿ ಕೂರ್ಸುದು, ಮತ್ತೆ ಬಿಡುದಿಲ್ಲ."

"ರಬ್ಬರಿನವರು? ಕತ್ತಿಯಿಂದ ಗೀರಿ ಚಿಪ್ಪು ಕಟ್ಟುದು."

"ನಾವು ಮರವನ್ನು ಕೊಲ್ಲುದಿಲ್ಲ. ನಾಳೆಗೆ ಬೇಕಲ್ಲ!"

ಅವನ ಜೊತೆ ನಗುವುದು ಸುಲಭವಿತ್ತು. ಆ ನಗುವಿನಲ್ಲಿ ಆಗ ಏನಾದರೂ ಅಡಗಿತ್ತೇ ಎಂದು ಈಗ ಯೋಚಿಸುತ್ತೇನೆ. ಇರಲಿಲ್ಲ ಎಂದೇ ತೋರುತ್ತದೆ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಪದವಿಗೆ ತೊಂದರೆ ಶುರುವಾದದ್ದು ಹೊರಗಿನವರಿಂದ. ಯಾರೋ ಮೊಬೈಲಿನಲ್ಲಿ ನೀಲಿ ಹೂವಿನ ವಿಡಿಯೊ ಹಾಕಿದರು. ಮುಂದಿನ ಭಾನುವಾರದಿಂದ ಉಪ್ಪಿನಂಗಡಿ, ಪುತ್ತೂರಿನ ಕಡೆಯಿಂದ ಬೈಕುಗಳು ಬಂದವು. ನೀರು ಚಿಮ್ಮುವುದು ಚಂದ ಕಾಣುತ್ತದೆಂದು ಕಲ್ಲಿನ ಮೇಲೆಯೇ ಓಡಿಸಿದರು. ಮದ್ದಿಗೆಂದು ನೆಲದ ಸೀತಾಳೆಯ ಗಡ್ಡೆ ಕಿತ್ತವರಿದ್ದರು, ಮನೆಯ ಕುಂಡಕ್ಕೆಂದು ಕೇಪುಳವನ್ನು ಬೇರುಸಹಿತ ಎಬ್ಬಿಸಿ ಪಿಕಪ್ಪಿನಲ್ಲಿ ಒಯ್ದವರಿದ್ದರು. ಒಂದು ಬೆಳಿಗ್ಗೆ ಮದಕದ ಬದಿಯಲ್ಲಿ ಮದುವೆ ಮನೆಯೊಂದರ ಊಟದ ಎಲೆ, ಪ್ಲಾಸ್ಟಿಕ್ ಲೋಟ ಎಲ್ಲ ಸುರಿದಿತ್ತು.

"ಬೋರ್ಡು ಹಾಕಿದ್ರೆ ಬೋರ್ಡಿಗೇ ಕಲ್ಲು ಬೀಳುದು," ಎಂದ ಗೆಳೆಯ. "ಸೊಪ್ಪು ಕಟ್ಟುವ."

ನಮ್ಮ ಕಡೆ ಒಂದು ಪದ್ಧತಿಯಿದೆ. ಜಾಗದ ಬಗ್ಗೆಯೋ ಫಲ ಬಂದ ಮರದ ಬಗ್ಗೆಯೋ ತಕರಾರು ಬಂದರೆ ದೈವದ ಹೆಸರು ಹೇಳಿ ಅಲ್ಲಿ ಹಸಿ ಸೊಪ್ಪಿನ ಕಟ್ಟೊಂದನ್ನು ಕಟ್ಟುತ್ತಾರೆ. ಇತ್ಯರ್ಥವಾಗಿ ಸೊಪ್ಪು ಬಿಚ್ಚುವವರೆಗೆ ಯಾರೂ ಆ ಜಾಗವನ್ನಾಗಲಿ ಮರವನ್ನಾಗಲಿ ಮುಟ್ಟುವುದಿಲ್ಲ, ಕಟ್ಟಿದವನೂ ಮುಟ್ಟುವುದಿಲ್ಲ. ಕೋರ್ಟಿನ ತಡೆಯಾಜ್ಞೆಯನ್ನು ಮೀರಿದವರನ್ನು ನಾನು ವರದಿ ಮಾಡಿದ್ದೇನೆ. ಸೊಪ್ಪು ಮೀರಿದವರನ್ನು ವರದಿ ಮಾಡಿದ ನೆನಪಿಲ್ಲ. ನನಗೆ ದೈವದಲ್ಲಿ ಅಂಥ ನಂಬಿಕೆ ಏನೂ ಇಲ್ಲ. ಆದರೆ ಕೆಲಸ ಆಗುವುದಿದ್ದರೆ ಆಗಲಿ ಎಂದೆ.

ಅವನು ಕ್ರಮ ತಪ್ಪಿಸಲಿಲ್ಲ. ಸ್ನಾನ ಮಾಡಿ ಬಂದು, ಪೂರ್ವಕ್ಕೆ ನಿಂತು, ಪದವು ಉಳಿಯಬೇಕು, ಉಳಿಸಿಕೊಡಬೇಕು ಎಂದು ಪ್ರಾರ್ಥಿಸಿ ನಾಲ್ಕು ಬದಿಗೂ ಸೊಪ್ಪು ಕಟ್ಟಿದ. ಕೊನೆಯದ್ದನ್ನು ಕಟ್ಟಿದ್ದು ತಡಮೆಗೆ. ದನ ತಾನಾಗಿ ದಾಟದಂತೆ ಅಡ್ಡಗಳನ್ನು ಹಾಕಿದ ಬೇಲಿಯ ಬಾಯಿ ಅದು. ನಾವೆಲ್ಲ ಪದವಿಗೆ ಹತ್ತುತ್ತಿದ್ದದ್ದು ಅಲ್ಲಿಂದ. ನೋಡಲು ಊರಿನ ಕೆಲವರು ನಿಂತಿದ್ದರು. ಕೆಳಮನೆಯ ಅಕ್ಕನೂ ಇದ್ದರು. ಪದವಿನ ಕೆಳಗಿನ ತೋಟ ಅವರದ್ದು. ನಮಗಿಂತ ಹಿರಿಯರು, ಮನೆಮಾತು ತುಳು, ಬಾಯಿ ಸ್ವಲ್ಪ ಜೋರು. ಅವರ ಎರಡು ದನಗಳು ದಿನಾ ಪದವಿನಲ್ಲಿ ಮೇಯುತ್ತಿದ್ದವು. ಪುನರ್ಪುಳಿ ಹೆಕ್ಕಿ ಸಿಪ್ಪೆ ಒಣಗಿಸುವುದು, ದನದ ಹಟ್ಟಿಗೆ ಸೊಪ್ಪು ತರುವುದು ಎಲ್ಲ ಅಲ್ಲಿಂದಲೇ.

"ನಮಗೂ ಸೇರಿ ಕಟ್ಟಿದ್ದಾ ಇದು?" ಎಂದು ಅಕ್ಕ ಕೇಳಿದರು.

"ಎಲ್ರಿಗೂ ಅಕ್ಕ. ನನಗೂ. ಒಬ್ಬರಿಗೆ ಬಿಟ್ರೆ ಇನ್ನೊಬ್ಬ ಕೇಳ್ತಾನೆ," ಎಂದ ಗೆಳೆಯ. ನನ್ನ ಕಡೆ ತಿರುಗಿ, "ನೀನೂ ಒಳಗೆ ಕಾಲು ಇಡ್ಬೇಡ. ನಿನ್ನನ್ನು ನೋಡಿ ನಾಲ್ಕು ಜನ ಬರ್ತಾರೆ."

ಅದು ನ್ಯಾಯದ ಮಾತಾಗಿ ಕೇಳಿಸಿತು.

ಎರಡು ಮಳೆಗಾಲ ಹಾಗೆಯೇ ಕಳೆಯಿತು. ಹೊರಗಿನವರಿಗೆ ಸೊಪ್ಪಿನ ಅರ್ಥ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಿದರು. ಬೈಕು ನಿಂತಿತು, ಪಿಕಪ್ಪು ನಿಂತಿತು. ಸೊಪ್ಪು ಒಣಗಿದರೆ ಗೆಳೆಯ ಹೊಸದು ಕಟ್ಟುತ್ತಿದ್ದ. ಅಕ್ಕ ದನಗಳನ್ನು ಆಚೆಯ ಗುಡ್ಡೆಗೆ ಹೊಡೆದರು. ದೂರವಾಯಿತೆಂದು ಆಮೇಲೆ ಒಂದನ್ನು ಸಂಬಂಧಿಕರ ಮನೆಗೆ ಕೊಟ್ಟರು. ಪುನರ್ಪುಳಿ ಮರದಡಿಯಲ್ಲಿ ಬಿದ್ದು ಕೊಳೆಯಿತು. ನಾನು ತಡಮೆಯ ಈಚೆ ನಿಂತು ನೋಡಿ ಬರುತ್ತಿದ್ದೆ. ನಡೆದು ನಡೆದು ಬೆಳ್ಳಗಾಗಿದ್ದ ಕಾಲುದಾರಿಯ ಮೇಲೆ ನೆಕ್ಕರಿಕ ಎದ್ದು ನೇರಳೆ ಬಣ್ಣದ ಹೂ ಬಿಟ್ಟಿತು. ಕೇಪುಳ ಎರಡೂ ಬದಿಯಿಂದ ಬಂದು ಸೇರಿಕೊಂಡಿತು. ಗೌರಿ ಹೂವಿನ ಬಳ್ಳಿ ತಡಮೆಯ ಅಡ್ಡಕ್ಕೇ ಸುತ್ತಿತು. ಸಿಕ್ಕವರಿಗೆಲ್ಲ ನಾನು ಇದನ್ನು ಹೇಳಿದೆ, ಸ್ವಲ್ಪ ಜಂಬದಿಂದಲೇ.

ಅಕ್ಕನಿಗೆ ಅಷ್ಟು ಸಮಾಧಾನ ಇರಲಿಲ್ಲ. "ದನ ಹೋಗದ ಮೇಲೆ ಮುಳಿ ಸೊಂಟಕ್ಕೆ ಬಂದುಂಟು ಪೇಪರಿನವರೇ. ಅದರ ಅಡಿಯಲ್ಲಿ ನಿಮ್ಮ ಸಣ್ಣ ಹೂ ಉಂಟೋ ಇಲ್ವೋ, ನಿಮಗೆ ಇಲ್ಲಿಂದ ಕಾಣ್ತದಾ?"

ಕಾಣುತ್ತಿರಲಿಲ್ಲ. ಹೋಗಿ ನೋಡುವ ಹಾಗೂ ಇರಲಿಲ್ಲ.

ಎರಡನೆಯ ಮಳೆಗಾಲ ಮುಗಿದು ಮುಳಿ ಹಳದಿಗೆ ತಿರುಗುವ ಹೊತ್ತಿಗೆ ಗೆಳೆಯ ಫೋನ್ ಮಾಡಿದ. ತಾಲೂಕಿನಿಂದ ಜಾಗ ನೋಡಲು ಬರುತ್ತಾರೆ, ನೀನೊಮ್ಮೆ ಬಾ ಎಂದ.

"ಎಂತಕ್ಕೆ ಬರುದು ಅವರು?"

"ಪದವಿನ ಒಂದು ವ್ಯವಸ್ಥೆ ಆಗ್ಬೇಕಲ್ಲ ಮಾರಾಯ. ಎಷ್ಟು ವರ್ಷ ಅಂತ ಸೊಪ್ಪು ಕಟ್ಟುದು? ನಿನ್ನ ಮಾತಿಗೆ ಬೆಲೆ ಉಂಟು, ಬಂದು ಇದ್ದದ್ದನ್ನು ಹೇಳು."

ವ್ಯವಸ್ಥೆ ಎಂದರೆ ಪದವನ್ನು ಹಾಗೆಯೇ ಕಾದಿಡುವ ಏರ್ಪಾಡು ಎಂದು ನಾನು ಅರ್ಥ ಮಾಡಿಕೊಂಡೆ. ಪ್ರಶ್ನೆ ಕೇಳಿದ್ದೆ; ಉತ್ತರ ಬಂದಿರಲಿಲ್ಲ; ಬಂದಿದೆ ಎಂದುಕೊಂಡೆ. ಡೆಸ್ಕಿನಲ್ಲಿ ಹುಡುಗರು ಹೀಗೆ ಮಾಡಿಕೊಂಡು ಬಂದರೆ ನಾನು ಕಾಪಿ ವಾಪಸು ಕೊಡುತ್ತಿದ್ದೆ. ಆದರೆ ಅವರು ಯಾರೂ ತಮ್ಮ ಬೆಂಚಿನ ಗೆಳೆಯನನ್ನು ಸಂದರ್ಶಿಸುತ್ತಿರಲಿಲ್ಲ.

ಬಂದ ಅಧಿಕಾರಿ ಸಭ್ಯ ಮನುಷ್ಯ. ತಡಮೆಯ ಹತ್ತಿರ ನಿಂತು ಒಂದೊಂದಾಗಿ ಕೇಳಿದರು. ಇಲ್ಲಿ ದನ ಮೇಯುತ್ತವೆಯೇ? ಇಲ್ಲ. ಊರಿನವರು ಸೊಪ್ಪು, ಕಟ್ಟಿಗೆ ತರುತ್ತಾರೆಯೇ? ಇಲ್ಲ. ಹಾಯುವ ದಾರಿ ಇದೆಯೇ? ಇತ್ತು, ಈಗ ಮುಚ್ಚಿದೆ, ನೋಡಿ ಎಂದು ನಾನೇ ಕೇಪುಳದ ಪೊದೆ ತೋರಿಸಿದೆ. ಅಕ್ಕನನ್ನೂ ಕೇಳಿದರು.

"ದೈವದ ಸೊಪ್ಪು ಇರುವಾಗ ಯಾರು ಹೋಗ್ತಾರೆ ಸ್ವಾಮಿ? ನಾವು ಮನುಷ್ಯರಲ್ವಾ?"

ಅಧಿಕಾರಿ ಬರೆದದ್ದನ್ನು ಓದಿದರು. "ಸದರಿ ಜಾಗವನ್ನು ಸಾಮಾನ್ಯವಾಗಿ ಯಾರೂ ಬಳಸುವುದಿಲ್ಲ" ಎಂದಿತ್ತು. ನನಗೆ ಆ ವಾಕ್ಯ ಸಡಿಲ ಎನ್ನಿಸಿತು. ಸಾಮಾನ್ಯವಾಗಿ ಎಂದರೆ ಆಗಾಗ ಬಳಸುತ್ತಾರೆ ಎಂದೂ ಆಗುತ್ತದಲ್ಲ, ಬೈಕಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ ಎಂದೆ. ಅವರು ಆ ಶಬ್ದವನ್ನು ಹೊಡೆದುಹಾಕಿದರು. ಯಾರೂ ಬಳಸುವುದಿಲ್ಲ. ನಾನು ಸಹಿ ಹಾಕಿದೆ, ಅಕ್ಕ ಸಹಿ ಹಾಕಿದರು. ಗೆಳೆಯ ನಮ್ಮನ್ನು ಮನೆಗೆ ಕರೆದು ಚಾ ಕೊಟ್ಟ, ಗೋಳಿಬಜೆಯೂ ಇತ್ತು. "ಇವನು ಇದ್ದದ್ದಕ್ಕೆ ಕ್ಲೀನಾಗಿ ಆಯ್ತು," ಎಂದು ಅಧಿಕಾರಿಯ ಎದುರೇ ನನ್ನ ಬೆನ್ನು ತಟ್ಟಿದ.

ಸೊಪ್ಪು ಬಿಚ್ಚಿದ ಸುದ್ದಿ ನನಗೆ ಬಂದದ್ದು ಅಕ್ಕನಿಂದ. ಬೇಸಗೆ ಆಗಷ್ಟೇ ಕಾವೇರುತ್ತಿತ್ತು. ಬೆಳಿಗ್ಗೆ ನನ್ನ ಅಂಗಳಕ್ಕೆ ಬಂದು ನಿಂತವರು ಕುಳಿತುಕೊಳ್ಳಲಿಲ್ಲ.

"ನಿಮ್ಮ ದೋಸ್ತಿ ಸೊಪ್ಪು ಬಿಚ್ಚಿದ್ರು. ತೆಂಗಿನಕಾಯಿ ಒಡೆದು, ಕಾಣಿಕೆ ಇಟ್ಟು, ಎಲ್ಲ ಕ್ರಮದಲ್ಲಿ. ಅದರ ಹಿಂದೆಯೇ ಮಿಷನ್ ಬಂತು. ನಿಮಗೆ ಗೊತ್ತಿರ್ಬೇಕಲ್ಲ?"

ಕೊನೆಯ ಪ್ರಶ್ನೆಯನ್ನು ಅವರು ಕೇಳಿದ ರೀತಿ ನೆನಪಿನಲ್ಲಿ ಉಳಿದಿದೆ. ನಾನೂ ಅದರಲ್ಲಿ ಇದ್ದೇನೆಂದು ಅವರು ನಂಬಿದ್ದರು.

ಹೋಗಿ ನೋಡಿದಾಗ ರಸ್ತೆಯ ಬದಿಯ ಪದವಿನ ಮೇಲ್ಮೈಯನ್ನು ಜೆಸಿಬಿ ಕೆರೆದು ರಾಶಿ ಹಾಕಿತ್ತು. ಆ ರಾಶಿಯಲ್ಲಿ ಮುಳಿಯ ಬುಡ, ಕುಂಟಾಲದ ಬೇರು, ಮತ್ತು ಮಳೆಗಾಗಿ ಕಾಯುತ್ತಿದ್ದ ಸೀತಾಳೆಯ ಗಡ್ಡೆಗಳು, ಸಣ್ಣ ಬಟಾಟೆಯಂತೆ. ಕಲ್ಲು ಕೊಯ್ಯುವ ಯಂತ್ರ ಗೆರೆ ಹಾಕುತ್ತ ಹೋಗುತ್ತಿತ್ತು. ಮುರಕಲ್ಲಿನ ಒಳಗಿನ ಬಣ್ಣ ಅಷ್ಟು ಕೆಂಪು ಎಂದು ಹೊರಗಿನ ಕಪ್ಪು ನೋಡಿದವರಿಗೆ ತಿಳಿಯುವುದಿಲ್ಲ. ಕೆಂಪು ಹುಡಿ ಗೆಳೆಯನ ಹುಬ್ಬಿನ ಮೇಲೂ ಕುಳಿತಿತ್ತು. ಕೆಲಸದವರು ಚಾಕ್ಕೆ ಯಂತ್ರ ನಿಲ್ಲಿಸುವವರೆಗೆ ನಾವು ಮಾತಾಡುವ ಹಾಗಿರಲಿಲ್ಲ, ಎದುರುಬದುರು ನಿಂತಿದ್ದೆವು.

"ಕಲ್ಲಿನ ಕೋರೆಗೆ ಅರ್ಜಿ ಹಾಕಿದ್ದು ಯಾವಾಗ?" ಎಂದೆ.

"ಈಗ ಅದೆಲ್ಲ ಎಂತಕ್ಕೆ?"

"ಯಾವಾಗ?"

ಅವನು ಸುಳ್ಳು ಹೇಳಲಿಲ್ಲ. "ಸೊಪ್ಪು ಕಟ್ಟುವ ಮೊದಲು."

ಹುಬ್ಬಿನ ಹುಡಿ ಒರೆಸಿಕೊಂಡು ಅವನೇ ಮುಂದುವರಿಸಿದ. "ಮೊದಲ ಸಲ ಕೇಳಿದಾಗ ಊರಿನವರ ಬಳಕೆ ಉಂಟು, ದನ ಉಂಟು, ದಾರಿ ಉಂಟು, ಆಗುದಿಲ್ಲ ಅಂದ್ರು. ಬಳಕೆ ನಿಲ್ಸಿ ಅಂತ ನಾನು ಮನೆಮನೆಗೆ ಹೋಗಿ ಹೇಳುದಾ? ಜಗಳ ಆಗ್ತಿತ್ತು. ಈಗ ಯಾರಿಗೂ ಜಗಳ ಇಲ್ಲ. ನಾನು ಮಾಡದಿದ್ರೆ ಆಚೆ ಬದಿಯವ ಮಾಡ್ತಿದ್ದ, ಅವನಿಗೆ ನಿನ್ನ ಹೂ ಗೀ ಗೊತ್ತುಂಟಾ? ಮದಕದ ಬದಿ ನಾನು ಈಗ ಮುಟ್ಲಿಲ್ಲ, ನೋಡು."

"ಪದವು ಉಳಿಯಬೇಕು ಅಂತ ನೀನೇ ಪ್ರಾರ್ಥನೆ ಮಾಡಿದ್ದೆ."

"ಉಳಿಯಿತಲ್ಲ, ಬೇರೆಯವರ ಕೈಗೆ ಹೋಗದ ಹಾಗೆ. ದೈವಕ್ಕೆ ನಾನು ಹೇಳಿಕೊಂಡಾಗಿದೆ. ನೀನು ನಂಬುದಿಲ್ಲ ಅಲ್ವಾ, ನಿನಗೆ ಯಾಕೆ ಅಷ್ಟು ಬೇಜಾರು?" ಎಂದ. ಆಮೇಲೆ ಸ್ವರ ಇಳಿಸಿ, ನಿಜವಾದ ಕಾಳಜಿಯಿಂದ, "ಬಾ, ಚಾ ಕುಡಿ. ಬಿಸಿಲಿನಲ್ಲಿ ನಿಲ್ಬೇಡ," ಎಂದ.

ಅವನು ಬೈದಿದ್ದರೆ ಅಲ್ಲಿಂದ ಬರುವುದು ಕಷ್ಟವಾಗುತ್ತಿರಲಿಲ್ಲ.

ಮನೆಗೆ ಬಂದು ನಾನು ನಡೆದದ್ದನ್ನು ಕ್ರಮವಾಗಿ ಜೋಡಿಸಲು ಕುಳಿತೆ. ಹೊರಗಿನವರ ಹಾವಳಿ ನಿಜ. ಸೊಪ್ಪು ನಿಜ. ಎರಡು ಮಳೆಗಾಲ ಯಾರೂ ಕಾಲಿಡದ್ದು ನಿಜ. ನನ್ನ ಹೇಳಿಕೆಯಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಹಳೆಯ ಪತ್ರಿಕೆಗೆ ಬರೆಯೋಣವೆಂದರೆ, ಪದವು ಊರಿನ ಬಳಕೆಯಲ್ಲಿ ಇರಲಿಲ್ಲ ಎಂಬುದಕ್ಕೆ ಸಿಗುವ ಅತ್ಯಂತ ಖಚಿತವಾದ ಸಾಕ್ಷಿ ನಾನೇ. ಬರೆಯಲಿಲ್ಲ. ಅವನಿಗೆ ಬೇಕಾಗಿದ್ದದ್ದು ಸುಳ್ಳು ಹೇಳುವ ಗೆಳೆಯನಲ್ಲ. ಅಂಥವರು ಊರಿನಲ್ಲಿ ಬೇಕಾದಷ್ಟು ಸಿಗುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ ಎಂದು ಹೆಸರಿದ್ದವನೊಬ್ಬ ಬೇಕಿತ್ತು.

ಅಕ್ಕನ ಮನೆಗೆ ಹೋಗಿ ಇದನ್ನೇ ಹೇಳಿದೆ. ಅವರು ಅಡಕೆ ಸುಲಿಯುತ್ತ ಪೂರ್ತಿ ಕೇಳಿದರು.

"ಹಾಗಾದ್ರೆ ನೀವು ಕಳ್ಳ ಅಲ್ಲ, ಬೊಡ್ಡ," ಎಂದರು. ಬೊಡ್ಡ ಎಂದರೆ ಮಂಕ. "ನಾನೂ ಅದೇ. ಕಾಯಿ ಬಿದ್ದು ಕೊಳೆಯುದನ್ನು ನೋಡಿಕೊಂಡು ಕೂತವಳು."

ಇಬ್ಬರೂ ತಾಲೂಕಿಗೆ ಹೋದೆವು. ಆಗ ಇನ್ನೊಂದು ವಿಷಯ ತಿಳಿಯಿತು. ಅನುಮತಿ ಸಿಕ್ಕಿದ್ದು ರಸ್ತೆ ಬದಿಯ ಭಾಗಕ್ಕೆ ಮಾತ್ರ. ಮದಕವಿರುವ ಉಳಿದ ಭಾಗಕ್ಕೂ ಅವನ ಅರ್ಜಿ ಇದೆ. ಮಳೆಗಾಲ ಕಳೆದ ಮೇಲೆ ಮತ್ತೆ ಸ್ಥಳ ನೋಡಲು ಬರುತ್ತಾರೆ. ಅದೇ ಅಧಿಕಾರಿ, ಅಷ್ಟೇ ಸಭ್ಯವಾಗಿ ಹೇಳಿದರು: "ನಿಮ್ಮ ಹೇಳಿಕೆಯೇ ಉಂಟಲ್ಲ ಸಾರ್. ಆಗ ಬಳಕೆ ಇಲ್ಲ ಅಂದ್ರಿ. ಈಗ ಉಂಟು ಅಂತ ಬಾಯಲ್ಲಿ ಹೇಳಿದ್ರೆ ಆಗುದಿಲ್ಲ. ನಾವು ಬಂದಾಗ ನಮ್ಮ ಕಣ್ಣಿಗೆ ಕಾಣ್ಬೇಕು. ದನ, ದಾರಿ, ಎಂತಾದ್ರೂ."

ಬಸ್ಸಿನಿಂದ ಇಳಿಯುವಾಗ ಅಕ್ಕ, "ಕೊಟ್ಟ ದನವನ್ನು ವಾಪಸು ಕೇಳ್ತೇನೆ," ಎಂದರು. "ನೀವೂ ಬನ್ನಿ. ನಡೆಯದೆ ದಾರಿ ಆಗುದಿಲ್ಲ."

ಜೂನಿನಲ್ಲಿ ಮಳೆ ಹಿಡಿಯಿತು. ತಡಮೆಯ ಒಳಗಿನ ನೆಕ್ಕರಿಕವನ್ನು ಅಕ್ಕನೇ ಕತ್ತಿಯಿಂದ ಸವರಿದರು. ನಾನು ಕೇಪುಳದ ಕೊಂಬೆಗಳನ್ನು ಎಳೆದು ಬದಿಗೆ ಹಾಕಿದೆ. ಎರಡು ವರ್ಷ ಈಚೆ ನಿಂತು ನೋಡಿದ ಪೊದೆಗಳು ಅವು. ಒಳಗೆ ಹೋಗಿ ನೋಡಿದರೆ ಅಕ್ಕ ಹೇಳಿದ್ದು ಸರಿಯಿತ್ತು. ಮುಳಿ ದಟ್ಟವಾಗಿ ಬಿದ್ದು ಕೊಳೆತಲ್ಲಿ ಕಲ್ಲು ಬರಿದಾಗಿತ್ತು. ಸಣ್ಣ ಗಿಡಗಳು ಉಳಿದಿದ್ದದ್ದು ಮದಕದ ಸುತ್ತ, ನೀರು ಹರಿಯುವ ತೆಳುವಾದ ಒಂದು ಪಟ್ಟಿಯಲ್ಲಿ ಮಾತ್ರ. ದನಗಳಿಗೆ ನೀರು ಬೇಕು. ಅವು ಹಿಡಿದ ದಾರಿ ಸರಿಯಾಗಿ ಆ ಪಟ್ಟಿಯ ಮೇಲೆಯೇ ಹಾದುಹೋಯಿತು. ತಿರುಗಿಸಲು ನೋಡಿದೆ. ಆಗಲಿಲ್ಲ. ಒಂದು ಬದಿಯಲ್ಲಿ ಕೊಟ್ಟೆಮುಳ್ಳು, ಇನ್ನೊಂದು ಬದಿಯಲ್ಲಿ ಕೋರೆಯವರು ಎಳೆದ ಗಡಿಯ ಹಗ್ಗ.

ದಿನಾ ಬೆಳಿಗ್ಗೆ ಹೋಗುತ್ತೇವೆ. ಮುಂದೆ ಎರಡು ದನ, ಹಿಂದೆ ಅಕ್ಕ, ಅವರ ಹಿಂದೆ ನಾನು. ಬಿಳಿ ಗುಂಡಿ ಹೂವಿನ ಮೊಳಕೆ ಕೂದಲಿನಷ್ಟು ತೆಳ್ಳಗೆ, ಹಸಿರು ಚುಕ್ಕೆಯಾಗಿ ಏಳುವ ಸಮಯ ಇದು. ಮೊದಲ ಕೆಲವು ದಿನ ನಾನು ನೋಡಿ ನೋಡಿ ಕಾಲಿಡುತ್ತಿದ್ದೆ. ಅದನ್ನು ಕಂಡ ಅಕ್ಕ, "ಹೀಗೆ ಕೊಕ್ಕರೆಯ ಹಾಗೆ ನಡೆದ್ರೆ ದಾರಿ ಬೀಳುದು ಯಾವಾಗ?" ಎಂದರು.

ನಿನ್ನೆ ಗೆಳೆಯ ಹಗ್ಗದ ಆಚೆ ಕೊಡೆ ಹಿಡಿದು ನಿಂತಿದ್ದ. ಮಳೆಗೆ ಯಂತ್ರ ನಿಂತಿದೆ. ಕೊಯ್ದ ಗುಂಡಿಯಲ್ಲಿ ಕೆಂಪು ನೀರು ತುಂಬಿದೆ. ನಮ್ಮ ಮೆರವಣಿಗೆ ನೋಡಿ ಅವನಿಗೆ ಎಲ್ಲ ಅರ್ಥವಾಗಿರಬೇಕು.

"ಎಂತ ಮಾರಾಯ," ಎಂದು ಕೂಗಿದ. "ಅಷ್ಟು ಕಾದದ್ದನ್ನು ನೀನೇ ಮೆಟ್ಟಿ ಹಾಳು ಮಾಡುದಾ?"

ಅಕ್ಕ ನಿಂತು ಏನೋ ಹೇಳಲು ಹೊರಟರು. ಬೇಡ, ಹೋಗುವ ಎಂದೆ. ದನಗಳು ನೀರಿಗಿಳಿದು ಕುಡಿದು, ಬಂದ ದಾರಿಯಲ್ಲೇ ತಿರುಗಿದವು. ನಾನು ಅವುಗಳ ಹಿಂದೆ, ಗುರುತು ಮೂಡುವ ಹಾಗೆ, ಹಿಮ್ಮಡಿಗೆ ಭಾರ ಹಾಕಿ ನಡೆದೆ.